ಆಪಟೆ ಸರ್ ಅಳಿಸಿದ ಹೆಸರುಗಳು

ಪ್ರತಿ ತಿಂಗಳ ಮೊದಲ ಸೋಮವಾರ ದತ್ತಾತ್ರೇಯ ಆಪಟೆಯವರು ಹಸಿರು ರಟ್ಟಿನ ರಜಿಸ್ಟರೊಂದನ್ನು ಕಪಾಟಿನಿಂದ ತೆಗೆದು, ತಾರೀಖು ಹಾಕಿ, ಅವೇ ಎರಡು ಸಾಲು ಬರೆಯುತ್ತಿದ್ದರು: 'ಬ್ಯಾಕಪ್ ತೆಗೆಯಲಾಗಿದೆ. ಅದನ್ನು ಮರಳಿ ಹಾಕಿ ನೋಡಲಾಗಿದೆ, ಸರಿ ಇದೆ.' ಕೆಳಗೆ ಅಚ್ಚಿನಂಥ ಅಕ್ಷರದ ಸಹಿ. ಮೊದಲನೆಯ ಸಾಲು ಬಹಳ ವರ್ಷ ನಿಜವಾಗಿತ್ತು. ಎರಡನೆಯದು ಒಂದು ಸಲವೂ ನಿಜವಾಗಿರಲಿಲ್ಲ.

ಆಪಟೆಯವರು ಸುಳ್ಳುಗಾರರೆಂದು ಜಮಖಂಡಿಯಲ್ಲಿ ಯಾರೂ ಅಂದವರಲ್ಲ. ಅವರ ತಂದೆ ಊರಲ್ಲಿ ಟೈಪಿಂಗ್ ಕ್ಲಾಸು ನಡೆಸಿದವರು. ಕೋರ್ಟಿನ ಅರ್ಧ ಗುಮಾಸ್ತರು ಅವರ ಕೈಯಲ್ಲಿ ಕಲಿತವರೇ. ಅದೇ ಕೋಣೆಗೆ ಮಗ ಎರಡು ಕಂಪ್ಯೂಟರ್ ತಂದು ಕೂರಿಸಿದ. ಇಪ್ಪತ್ನಾಲ್ಕು ವರ್ಷದ ಹಿಂದೆ, ಆಗ ಒಂದೇ ಕಟ್ಟಡವಿದ್ದ ಆಸ್ಪತ್ರೆಯೊಂದಕ್ಕೆ ಕಂಪ್ಯೂಟರ್ ನೋಡಿಕೊಳ್ಳುವವನಾಗಿ ಸೇರಿದ. ಆಸ್ಪತ್ರೆ ಬೆಳೆಯಿತು. ಮುಧೋಳ, ಬೀಳಗಿ, ಬನಹಟ್ಟಿಗಳಲ್ಲಿ ಶಾಖೆಗಳಾದವು, ಸಾವಳಗಿಯಲ್ಲಿ ಒಂದು ಸಣ್ಣ ದವಾಖಾನೆ ಆಯಿತು. ಎಲ್ಲ ಕಡೆಯೂ ಗೋಡೆ ಕೊರೆದು ವೈರು ಎಳೆದವರು ಅವರೇ. ನಿಚ್ಚಣಿಕೆ ಹತ್ತಿ ಛತ್ತಿನ ಮೂಲೆಗಳಲ್ಲಿ ಬೆವರು ಸುರಿಸಿದವರು. ಡಾಕ್ಟರರ ಕಂಪ್ಯೂಟರ್ ನಿಂತರೆ, 'ಆಪಟೆ ಸರ್ ಅದಾರ, ಚಿಂತಿ ಇಲ್ಲ' ಅನ್ನುವುದು ಆಸ್ಪತ್ರೆಯಲ್ಲಿ ಒಂದು ವಾಡಿಕೆಯ ಮಾತಾಗಿತ್ತು. ಆ ಮಾತಿನ ಮೇಲೆ ಅವರು ನಡೆದಾಡುತ್ತಿದ್ದರು ಎಂದರೂ ನಡೆದೀತು.

ಆ ಜಾಲಕ್ಕೆಲ್ಲ ಕೀಲಿಕೈಯಂತೆ ಇದ್ದದ್ದು ಜಮಖಂಡಿಯ ಮೊದಲ ಮಹಡಿಯ ತಂಪು ಕೋಣೆಯಲ್ಲಿದ್ದ ಡೈರೆಕ್ಟರಿ ಸರ್ವರ್. ಯಾವ ಊರಿನ ಯಾವ ಕಂಪ್ಯೂಟರ್ ಮುಂದೆ ಯಾರು ಕುಳಿತು ಹೆಸರು, ಪಾಸ್‌ವರ್ಡ್ ಹಾಕಿದರೂ, ಈ ಮನುಷ್ಯ ನಮ್ಮವನು ಹೌದೋ ಅಲ್ಲವೋ, ಇವನು ರೋಗಿಯ ಯಾವ ಕಾಗದ ತೆರೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಹೇಳುವುದು ಅದರ ಕೆಲಸ. ನಾನೂರ ಹದಿನೆಂಟು ಹೆಸರುಗಳು ಅದರಲ್ಲಿದ್ದವು. ಅದರದೇ ನಕಲಿನಂಥ ಇನ್ನೊಂದು ಸರ್ವರ್ ಮುಧೋಳದಲ್ಲಿತ್ತು. ಇಲ್ಲಿ ಏನು ಬದಲಾದರೂ ಹದಿನೈದು ನಿಮಿಷದೊಳಗೆ ಅಲ್ಲಿಯೂ ಬದಲಾಗುತ್ತಿತ್ತು. 'ಒಂದು ಹೋದರ ಇನ್ನೊಂದು ಅದಲ್ಲ' ಎಂಬುದು ಆಪಟೆಯವರ ಧೈರ್ಯ.

ಈ ಧೈರ್ಯವನ್ನು ಒಬ್ಬಳು ಮಾತ್ರ ಪ್ರಶ್ನಿಸಿದ್ದಳು. ಬನಹಟ್ಟಿ ಶಾಖೆಯ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ರೇಷ್ಮಾ. ಚಿಮ್ಮಡದವಳು, ಕುರಿ ಸಾಕುವ ಮನೆತನದವಳು. ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಎಂಟು ವರ್ಷದ ಹಿಂದೆ ಆಪಟೆಯವರೇ ಅವಳನ್ನು ಆರಿಸಿ ತೆಗೆದುಕೊಂಡು, ಕೇಬಲ್ಲಿನ ತುದಿಗೆ ಕ್ಲಿಪ್ಪು ಕೂರಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದರು. ಹೋದ ವರ್ಷ ದೀಪಾವಳಿ ಮುಂಚೆ ಅವಳು ಕೇಳಿದ್ದಳು.

"ಸರ್, ನಾವಿಬ್ಬರೂ ಒಂದ 'ಅಡ್ಮಿನ್' ಹೆಸರಿಲೆ ಕೆಲಸ ಮಾಡ್ತೇವಿ. ಬ್ಯಾರೆ ಬ್ಯಾರೆ ಹೆಸರು ಇದ್ದರ ಛಲೋ ಅಲ್ರಿ? ಯಾರು ಏನ್ ಮಾಡಿದ್ರು ಗೊತ್ತಾಗ್ತದ."

"ಯಾಕ, ನನ್ನ ಮ್ಯಾಲೆ ಸಂಶಯ ಬಂತೇನ?" ಎಂದು ಅವರು ನಕ್ಕಿದ್ದರು.

"ಹಂಗಲ್ರಿ. ಇನ್ನೊಂದು, ಬ್ಯಾಕಪ್ ಒಮ್ಮೆರೆ ಖರೇನ ಹಚ್ಚಿ ನೋಡೋಣ್ರಿ. ಹಳೇ ಮಷೀನ್ ಒಂದು ಬನಹಟ್ಟಿಯೊಳಗ ಸುಮ್ಮ ಬಿದ್ದದ."

'ಖರೇನ' ಎಂಬ ಮಾತು ಅವರಿಗೆ ಚುಚ್ಚಿತು. ಇವಳು ರಜಿಸ್ಟರ್ ನೋಡಿದ್ದಾಳೆಯೇ? "ಬನಹಟ್ಟಿದು ನೀ ನೋಡ್ಕೋ, ಜಮಖಂಡಿದು ನಾ ನೋಡ್ಕೋತೀನಿ" ಎಂದು ಮಾತು ಮುಗಿಸಿದ್ದರು. ಅವಳು ಮತ್ತೆ ಕೇಳಲಿಲ್ಲ.

ಒಂದು ಬುಧವಾರ ಮಧ್ಯಾಹ್ನ ಮೂರೂವರೆಗೆ ಅವರು ಕೆಲಸ ಬಿಟ್ಟುಹೋದವರ ಹೆಸರುಗಳನ್ನು ತೆಗೆಯುತ್ತಿದ್ದರು. ಸರ್ವರಿನಲ್ಲಿ ಎಲ್ಲರ ಹೆಸರುಗಳಿರುವ 'ಸಿಬ್ಬಂದಿ' ಎಂಬ ದೊಡ್ಡ ಫೋಲ್ಡರ್, ಅದರ ಹೊಟ್ಟೆಯೊಳಗೆ 'ಬಿಟ್ಟವರು' ಎಂಬ ಸಣ್ಣದು. ಕೆಳಗಿನದರ ಮೇಲೆ ಇಡಬೇಕಾದ ಮೌಸು ಮೇಲಿನದರ ಮೇಲಿತ್ತು. ಅಳಿಸಲೇ ಎಂದು ಯಂತ್ರ ಕೇಳಿತು. ಅವರು ಹೌದು ಎಂದು ಒತ್ತಿದರು. ಇಂಥ ದೊಡ್ಡ ಫೋಲ್ಡರ್ ಕೈತಪ್ಪಿ ಅಳಿಯದಂತೆ ತಡೆಯುವ ಒಂದು ಗುರುತು ಇರುತ್ತದೆ. ಮೇಲಿಂದ ಮೇಲೆ ಅಡ್ಡ ಬರುತ್ತದೆಂದು ಅದನ್ನು ಅವರೇ ಹಿಂದೊಮ್ಮೆ ತೆಗೆದುಹಾಕಿದ್ದರು.

ಪರದೆ ಒಂದು ಗಳಿಗೆ ನಿಂತು, ಮತ್ತೆ ಬಂದಾಗ 'ಸಿಬ್ಬಂದಿ' ಇರಲಿಲ್ಲ.

ಅವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ, ಮುಧೋಳ ಇದೆಯಲ್ಲ ಎಂದುಕೊಂಡು ಆ ಸರ್ವರಿನ ಜೋಡಣೆ ತಪ್ಪಿಸಲು ಅಲ್ಲಿಗೆ ಫೋನ್ ಹಚ್ಚಿದರು. ಅಲ್ಲಿನ ಸರ್ವರ್ ಕೋಣೆಯವನು ಚಹಾಕ್ಕೆ ಹೋಗಿದ್ದ. ಅವನು ಮರಳಿ ಫೋನ್ ಮಾಡುವಷ್ಟರಲ್ಲಿ ಹದಿನೈದು ನಿಮಿಷ ಆಗಿಹೋಗಿತ್ತು. ಎರಡನೆಯ ಸರ್ವರ್ ಮೊದಲನೆಯದರ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡಿಕೊಂಡಿತ್ತು.

ನಾಲ್ಕು ಗಂಟೆಗೆ ಬೀಳಗಿಯಿಂದ ಮೊದಲ ಕರೆ ಬಂತು. ಆಮೇಲೆ ಫೋನು ನಿಲ್ಲಲೇ ಇಲ್ಲ. ಯಾರ ಹೆಸರೂ ನಡೆಯುತ್ತಿಲ್ಲ, ಯಾವ ರಿಪೋರ್ಟೂ ತೆರೆಯುತ್ತಿಲ್ಲ, ಔಷಧಿ ಅಂಗಡಿಯಲ್ಲಿ ಚೀಟಿ ಬರುತ್ತಿಲ್ಲ.

ಆಪಟೆಯವರು ಬ್ಯಾಕಪ್ ಇಟ್ಟಿದ್ದ ಡಿಸ್ಕ್ ತೆರೆದರು. ಕೊನೆಯ ಪ್ರತಿ ಹನ್ನೊಂದು ತಿಂಗಳ ಹಿಂದಿನದು. ಡಿಸ್ಕ್ ತುಂಬಿ ಅಂದೇ ಕೆಲಸ ನಿಂತಿತ್ತು. ನಿಂತಿದೆ ಎಂದು ದಿನಕ್ಕೊಂದು ಎಚ್ಚರಿಕೆಯ ಮೇಲ್ ಬಂದು ಬಿದ್ದಿತ್ತು. ಇಂಥ ಮೇಲ್‌ಗಳೆಲ್ಲ ಬೇರೊಂದು ಮೂಲೆಗೆ ಹೋಗಿ ಬೀಳಲಿ ಎಂದು ಅವರೇ ಏರ್ಪಾಡು ಮಾಡಿಕೊಂಡಿದ್ದರು. ಮುನ್ನೂರಕ್ಕೂ ಹೆಚ್ಚು, ಒಂದೂ ಓದಿಲ್ಲ. ಆ ಹಳೆಯ ಪ್ರತಿಯನ್ನಾದರೂ ಹಾಕೋಣವೆಂದರೆ ಸರ್ವರ್ ಒಪ್ಪಲಿಲ್ಲ. ನೂರಾ ಎಂಬತ್ತು ದಿನ ದಾಟಿದ ಪ್ರತಿಯನ್ನು ಅದು ತೆಗೆದುಕೊಳ್ಳುವುದಿಲ್ಲ ಎಂಬುದು ಅವರಿಗೆ ಗೊತ್ತಾದದ್ದೇ ಆಗ. ಇಪ್ಪತ್ನಾಲ್ಕು ವರ್ಷದ ಕೆಲಸದಲ್ಲಿ ಗೊತ್ತಿರಬೇಕಾದ ಮಾತು.

ಗುರುವಾರ ಬೆಳಿಗ್ಗೆ ಆಡಳಿತಾಧಿಕಾರಿ ಪೂರ್ಣಿಮಾ ಮೇಡಂ ತಮ್ಮ ಕೋಣೆಗೆ ಕರೆದರು. ಆಸ್ಪತ್ರೆಯ ಹಿರಿಯ ಡಾಕ್ಟರು ಧೀರೇಂದ್ರ ಕಿಟಕಿಯ ಹತ್ತಿರ ನಿಂತಿದ್ದರು.

"ಯಾರು ಅಳಿಸ್ಯಾರ ಅಂತ ಮಷೀನ್ ಹೇಳ್ತದೇನ್ರಿ ಆಪಟೆ ಸರ್?" ಪೂರ್ಣಿಮಾ ಕೇಳಿದರು.

"ಅಡ್ಮಿನ್ ಅಂತ ತೋರಸ್ತದ್ರಿ."

"ಅಂದ್ರ?"

"ಆ ಪಾಸ್‌ವರ್ಡ್ ಇಬ್ಬರಿಗೆ ಗೊತ್ತದ್ರಿ. ನನಗ, ರೇಷ್ಮಾಗ."

ಯಾವ ಊರಿನ ಯಾವ ಯಂತ್ರದಿಂದ ಅಳಿಸಿದ್ದು ಎಂಬುದು ಇನ್ನೊಂದು ಕಡೆ ಹುಡುಕಿದರೆ ಸಿಗುತ್ತಿತ್ತು. ಹುಡುಕಬೇಕಾದವರು ಆಪಟೆಯವರೇ.

"ಮೊನ್ನೆ ಬನಹಟ್ಟಿಯ ಹೊಸಾ ನರ್ಸ್‌ಗಳ ಹೆಸರು ರೇಷ್ಮಾನ ಹಾಕ್ಯಾಳಲ್ಲ?" ಪೂರ್ಣಿಮಾ ನೆನಪಿಸಿದರು.

"ಹೌದ್ರಿ. ಹಾಕ್ಯಾಳ."

ಆ ಮಾತಿನಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. ಡಾಕ್ಟರು ಕಿಟಕಿಯಿಂದ ತಿರುಗಿ, "ಪಾಪ, ಕೈತಪ್ಪಿ ಆಗಿರಬೇಕು. ಆದ್ರ ಸದ್ಯ ಆಕಿ ಕೈಯಾಗ ಏನೂ ಕೊಡಬ್ಯಾಡ್ರಿ" ಎಂದರು. ಪೂರ್ಣಿಮಾ ಬನಹಟ್ಟಿಗೆ ಫೋನ್ ಮಾಡಿ, ಮುಂದಿನ ಮಾತು ಹೇಳುವವರೆಗೆ ಮನೆಯಲ್ಲಿರು ಎಂದು ರೇಷ್ಮಾಗೆ ತಿಳಿಸಿದರು. ಆಪಟೆಯವರು ಎದುರಿಗೇ ಕುಳಿತು ಕೇಳಿದರು. ಬಾಯಿ ತೆರೆದರೆ ಸಾಕಿತ್ತು. ಮೇಜಿನ ಮೇಲೆ ಚಹಾದ ಕಪ್ಪಿನ ಗುಂಡು ಕಲೆ ಇತ್ತು, ಅದನ್ನೇ ನೋಡುತ್ತ ಕುಳಿತರು.

ಮನೆಗೆ ಹೋದರೆ ಸುದ್ದಿ ಅವರಿಗಿಂತ ಮುಂಚೆ ಹೋಗಿತ್ತು. ಹೆಂಡತಿ ಸುಹಾಸಿನಿ ತಾಟಿನ ಮುಂದೆ ಕೂತು, "ನೀವು ಇಷ್ಟ ಕಲಿಸಿದ್ರಿ ಆಕಿಗೆ. ಹೆಸರು ಕೆಡಿಸಿದ್ಲು ನೋಡ್ರಿ" ಎಂದು ಮರುಗಿ, ಇನ್ನೊಂದು ಪೋಳಿ ಹಾಕಿದರು. ಅವರು ಉಂಡರು. ಉಂಡದ್ದಕ್ಕೆ ಆಮೇಲೆ ಬಹಳ ದಿನ ನಾಚಿಕೊಂಡರು. ಊಟ ಸೇರಲಿಲ್ಲವೆಂದರೂ ಒಂದು ಮಾತಿತ್ತು. ಆದರೆ ಸೇರಿತ್ತು.

ಶುಕ್ರವಾರ ಬೆಳಿಗ್ಗೆ ಮೆಟ್ಟಿಲಿನ ಕೆಳಗಿನ ಬಾಕಿನ ಮೇಲೆ ಒಬ್ಬ ಮುದುಕಿ ಕುಳಿತಿದ್ದಳು. ಸಾವಳಗಿಯ ಭಾಗವ್ವ. ಕಣ್ಣಿನ ಪೊರೆ ತೆಗೆಸಲು ಬಂದವಳು. ಹಿಂದೆ ಮಾಡಿದ್ದ ಪರೀಕ್ಷೆಗಳ ಕಾಗದ ತೆರೆಯುತ್ತಿಲ್ಲ, ಅವಿಲ್ಲದೆ ಕಣ್ಣಿಗೆ ಕೈ ಹಚ್ಚುವುದಿಲ್ಲ ಎಂದು ಡಾಕ್ಟರು ಅವಳನ್ನು ಎರಡನೆಯ ದಿನವೂ ಮರಳಿ ಕಳಿಸುತ್ತಿದ್ದರು. ಆಪಟೆಯವರ ಕೊರಳಲ್ಲಿದ್ದ ಗುರುತಿನ ಚೀಟಿ ಕಂಡು ಅವಳು ಎದ್ದು ನಿಂತಳು.

"ಯಪ್ಪಾ, ನೀವು ಇಲ್ಲೇ ಇರಾವ್ರೇನ್ರಿ? ನಾಳಿಗಿ ಬರ್ಲೋ, ಸ್ವಾಮಾರ ಬರ್ಲೋ? ಬಸ್ಸಿನ್ಯಾಗ ಒಬ್ಬಾಕಿನ ಬರ್ತೇನ್ರಿ, ಅಕ್ಷರ ಕಾಣಂಗಿಲ್ಲ. ಯಾವ ಬಸ್ಸಂತ ಮಂದೀನ ಕೇಳಬೇಕು."

"ಮಷೀನ್ ಕೆಟ್ಟದವ್ವ."

"ಆಗ್ಲಿ ಬಿಡ್ರಿ. ಮಷೀನ್ ಕೆಟ್ರ ನೀವರ ಏನ್ ಮಾಡ್ತೀರಿ."

ಅವಳು ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು ಗೋಡೆ ಹಿಡಿದು ಬಾಗಿಲ ಕಡೆ ನಡೆದಳು. ಆಪಟೆಯವರು ಅವಳನ್ನು ಬಸ್ ನಿಲ್ದಾಣದವರೆಗೆ ಕರೆದೊಯ್ದು, ಸಾವಳಗಿ ಬಸ್ಸು ಹತ್ತಿಸಿ, ಅಲ್ಲೇ ಪಕ್ಕದಲ್ಲಿ ನಿಂತಿದ್ದ ಬನಹಟ್ಟಿ ಬಸ್ಸಿನಲ್ಲಿ ತಾವು ಕುಳಿತರು. ತಪ್ಪೊಪ್ಪಿಕೊಳ್ಳಲು ಹೊರಟೆ ಎಂದು ಅವರು ಆಮೇಲೆ ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ, ಏಕೆಂದರೆ ಅದು ನಿಜವಲ್ಲ. ಸರ್ವರ್ ಮರಳಿ ಎಬ್ಬಿಸುವುದು ತಮ್ಮಿಂದ ಆಗುವುದಿಲ್ಲ, ರೇಷ್ಮಾ ಬೇಕು ಎಂದು ಹೊರಟಿದ್ದರು.

ಬನಹಟ್ಟಿಯಿಂದ ಆಟೋ ಹಿಡಿದು ಚಿಮ್ಮಡದಲ್ಲಿ ಇಳಿದಾಗ ಅವಳ ತಂದೆ ಜಕ್ಕಪ್ಪ ಅಂಗಳದಲ್ಲಿ ಕುರಿಮರಿಯೊಂದರ ಕಾಲಿಗೆ ಔಷಧಿ ಹಚ್ಚುತ್ತಿದ್ದ. ಸರ್ ಎಂದು ಗೊತ್ತಾದ ಕೂಡಲೇ ಕೈ ತೊಳೆದುಕೊಂಡು ಬಂದು, ಕರಿ ಕಂಬಳಿ ಹಾಸಿ ಕೂರಿಸಿದ.

"ನೀವ ಬಂದ್ರಲ್ಲ, ಸಾಕು. ನನಗ ಗೊತ್ತಿತ್ರಿ, ಸರ್ ಸುಮ್ಮ ಕುಂದ್ರಂಗಿಲ್ಲ ಅಂತ. ನಿಮ್ಮ ಕೈಯಾಗ ಕಲ್ತಾಕಿ. ಆಕಿ ಏನರ ತಪ್ಪ ಮಾಡಿದ್ರ ಹೊಟ್ಟ್ಯಾಗ ಹಾಕ್ಕೋರಿ. ಬೀರಪ್ಪನ ಆಣಿ, ಬೇಕಂತ ಮಾಡೂ ಪೈಕಿ ಅಲ್ರಿ ನನ್ನ ಮಗಳು."

ಅವನು ಕೈ ಮುಗಿದ. ತಮಗಿಂತ ಹದಿನೈದು ವರ್ಷ ಹಿರಿಯ ಮನುಷ್ಯ, ಬೆರಳ ಸಂದಿಯಲ್ಲಿ ಇನ್ನೂ ನೀಲಿ ಔಷಧಿ. ಆಪಟೆಯವರಿಗೆ ಆ ಕಂಬಳಿಯ ಮೇಲೆ ಕೂರಲೂ ಆಗಲಿಲ್ಲ, ಏಳಲೂ ಆಗಲಿಲ್ಲ.

ರೇಷ್ಮಾ ನೀರಿನ ತಂಬಿಗೆ ಹಿಡಿದು ಒಳಗಿನಿಂದ ಬಂದಳು. ತಂಬಿಗೆ ಇಟ್ಟು, ತಂದೆಗೆ, "ಅಪ್ಪಾ, ನೀ ಸ್ವಲ್ಪ ಕುರಿ ಕಡಿ ನೋಡ್ಹೋಗು" ಎಂದಳು. ಅವನು ಹೋದ ಮೇಲೆ ನಿಂತೇ ಮಾತಾಡಿದಳು. ದನಿ ಏರಲಿಲ್ಲ.

"ಸರ್, ಬುಧವಾರ ಮೂರೂವರಿಗೆ ನಾ ಕೆಲಸದ ಮ್ಯಾಲೆ ಇರಲಿಲ್ಲ. ಮಗಳ ಸಾಲ್ಯಾಗ ಪಾಲಕರ ಸಭಾ ಇತ್ತು. ಅರ್ಧ ದಿನ ರಜಾ ಕೇಳಿದ್ದೆ. ಆ ಚೀಟಿಗೆ ಸಹಿ ಮಾಡಿದಾವರು ನೀವ."

"ಹೌದು."

"ಅಂದ್ರ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಮೇಡಂ ನನಗ ಫೋನ್ ಮಾಡಿದಾಗ ನೀವು ಎಲ್ಲಿದ್ರಿ?"

"ಅಲ್ಲೇ ಕೂತಿದ್ದೆ."

ಆ ರಜೆ ಚೀಟಿಯನ್ನು ತೋರಿಸಿ ರೇಷ್ಮಾಳೇ ತನ್ನ ಮೇಲಿನ ಅಪವಾದ ಕಳೆದುಕೊಳ್ಳಬಹುದಿತ್ತು. ಯಾಕೆ ತೋರಿಸಲಿಲ್ಲವೆಂದು ಆಪಟೆಯವರು ಕೇಳಿದರು.

"ನೀವು ಹೇಳ್ತೀರಿ ಅಂದ್ಕೊಂಡಿದ್ದೆ" ಎಂದಳು. "ನಿನ್ನೆ ಇಡೀ ದಿನ ಫೋನ್ ಹತ್ರ ಇಟ್ಕೊಂಡು ಕೂತಿದ್ದೆ."

ಆಪಟೆಯವರು, ಬ್ಯಾಕಪ್ ಸಿಗುತ್ತಿಲ್ಲ, ಮುಂದೇನು ಮಾಡಬೇಕೋ ತಿಳಿಯುತ್ತಿಲ್ಲ ಎಂದರು.

"ಅಳಿಸಿದ ಹೆಸರು ಪೂರಾ ಹೋಗಂಗಿಲ್ರಿ. ನೂರಾ ಎಂಬತ್ತು ದಿನ ಸರ್ವರಿನೊಳಗ ಕಾಣದಂಗ ಬಿದ್ದಿರ್ತಾವ. ಎಬ್ಬಿಸಬಹುದು. ಹೋದ ವರ್ಷ ಆ ಹಳೇ ಮಷೀನಿನ ಮ್ಯಾಲೆ ನಾ ಒಬ್ಬಾಕಿನ ಮಾಡಿ ನೋಡೀನಿ. ಹೆಸರು ಬರ್ತದ. ಆದ್ರ ಯಾರ್ಯಾರು ಯಾವ್ಯಾವ ಗುಂಪಿನ್ಯಾಗ ಇದ್ರು, ಏನೇನ್ ತಗೀಬಹುದಿತ್ತು, ಅದು ಬರಂಗಿಲ್ಲ. ಅದನ್ನ ಕೈಲೆ ಹಾಕಬೇಕು." ರೇಷ್ಮಾ ಮುಂದುವರಿಸಿದಳು, "ನಾ ಬರ್ತೀನಿ. ಮೊದಲ ನನ್ನ ಮುಂದ ಮೇಡಂಗ ಫೋನ್ ಮಾಡ್ರಿ. ದನಿ ನನಗೂ ಕೇಳಬೇಕು."

ಅವರು ಫೋನಿನ ಸ್ಪೀಕರ್ ಹಾಕಿ ಮಾತಾಡಿದರು. ಅಳಿಸಿದ್ದು ನಾನು. ರೇಷ್ಮಾ ಅಂದು ರಜೆಯಲ್ಲಿದ್ದಳು, ಅದು ನನಗೆ ಗೊತ್ತಿತ್ತು. ಬ್ಯಾಕಪ್ ಹನ್ನೊಂದು ತಿಂಗಳಿಂದ ನಿಂತಿದೆ, ಪರೀಕ್ಷೆ ಮಾಡಿದ್ದೇನೆಂದು ನಾನು ಬರೆದದ್ದೆಲ್ಲ ಸುಳ್ಳು. ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಆ ಕಡೆಯಿಂದ ಪೂರ್ಣಿಮಾ, "ರೇಷ್ಮಾ ಅಲ್ಲಿದ್ದಾಳೇನ್ರಿ? ಫೋನ್ ಆಕಿಗೆ ಕೊಡ್ರಿ" ಎಂದಷ್ಟೇ ಅಂದರು. ರೇಷ್ಮಾ ಫೋನು ತೆಗೆದುಕೊಂಡು ಒಳಗೆ ಹೋದಳು. ಅವರಿಬ್ಬರ ನಡುವೆ ಏನು ಮಾತಾಯಿತೆಂದು ಆಪಟೆಯವರಿಗೆ ಇಂದಿಗೂ ಗೊತ್ತಿಲ್ಲ. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಬಂದಾಗ ಜಕ್ಕಪ್ಪ, ಸರ್ ಸ್ವತಃ ಬಂದು ಮಗಳನ್ನು ಮರಳಿ ಕರೆದುಕೊಂಡು ಹೊರಟರೆಂದು ಖುಷಿಯಾಗಿ ಆಟೋದವರೆಗೂ ಬಂದು ಬೀಳ್ಕೊಟ್ಟ. ಅವನಿಗೆ ನಿಜ ಹೇಳಬೇಕೆಂದು ಆಪಟೆಯವರು ಆಟೋದಿಂದ ಒಂದು ಕಾಲು ಕೆಳಗಿಟ್ಟರು. "ಅಪ್ಪಗ ನಾ ಹೇಳ್ತೀನಿ, ನೀವು ಕೂಡ್ರಿ" ಎಂದಳು ರೇಷ್ಮಾ.

ಶುಕ್ರವಾರ ಸಂಜೆಯ ಹೊತ್ತಿಗೆ ಅವಳು ಮೊದಲ ಹತ್ತು ಹೆಸರು ಎಬ್ಬಿಸಿದಳು. ಶನಿವಾರ ಮಧ್ಯಾಹ್ನಕ್ಕೆ ನಾನೂರ ಹದಿನೆಂಟೂ ಬಂದವು, ಬರಿ ಹೆಸರುಗಳಾಗಿ. ಯಂತ್ರಕ್ಕೆ ಗುರುತು ಸಿಕ್ಕಿತ್ತು, ಆದರೆ ಡಾಕ್ಟರು ಯಾರು, ದೂಳು ಒರೆಸುವವರು ಯಾರು ಎಂಬ ಭೇದ ಮರೆತಿತ್ತು. ಪಾಸ್‌ವರ್ಡುಗಳೂ ಉಳಿದಿರಲಿಲ್ಲ. ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳಬೇಕಿತ್ತು. ಜಮಖಂಡಿಯದು, ಬನಹಟ್ಟಿಯದು ರೇಷ್ಮಾ ನೋಡಿಕೊಂಡಳು. ಮುಧೋಳ, ಬೀಳಗಿ, ಸಾವಳಗಿಗೆ ಆಪಟೆಯವರು ಹೋಗಬೇಕೆಂದು ಅವಳೇ ಹೇಳಿದಳು.

ಭಾನುವಾರ ಬೀಳಗಿಯಲ್ಲಿ ಔಷಧಿ ಅಂಗಡಿಯ ಮುಂದೆ ಮೇಜು ಹಾಕಿ ಅವರು ಕುಳಿತರು. ಒಬ್ಬೊಬ್ಬರೇ ಬಂದು ತಮ್ಮ ಹೆಸರು, ಕೆಲಸ, ಏನೇನು ತೆರೆಯುತ್ತಿದ್ದೆ ಎಂದು ಹೇಳಿ, ಹೊಸ ಪಾಸ್‌ವರ್ಡ್ ಚೀಟಿ ಒಯ್ಯುತ್ತಿದ್ದರು. ಪ್ರತಿಯೊಬ್ಬರಿಗೂ ಆಪಟೆಯವರು ಮೊದಲು ಒಂದು ಮಾತು ಹೇಳಿದರು: ಇದು ನನ್ನ ಕೈಯಿಂದ ಆದದ್ದು, ರೇಷ್ಮಾಳದಲ್ಲ. ಬಹಳ ಮಂದಿ, 'ಆಗ್ತದ ಬಿಡ್ರಿ ಸರ್, ಮನಿಷ್ಯಾನ ಕೈ' ಎಂದರು. ಅದನ್ನು ಕೇಳಿದಷ್ಟೂ ಅವರ ಕುತ್ತಿಗೆ ಬಾಗುತ್ತ ಹೋಯಿತು. ಕೈಯ ತಪ್ಪಿಗಲ್ಲವಲ್ಲ ಅವರು ನಾಚಿದ್ದು.

ಹಿರಿಯ ನರ್ಸ್ ಶೇವಂತಿ ಮಾತ್ರ ಚೀಟಿಗೆ ಕೈ ಚಾಚಲಿಲ್ಲ.

"ರೇಷ್ಮಾ ಮಾಡ್ಯಾಳ ಅಂತ ನಾನೂ ನಾಕ ಮಂದಿಗೆ ಹೇಳೀನ್ರಿ ಸರ್. ಕುರಿ ಕಾಯಾವ್ರಿಗೆ ಕಂಪ್ಯೂಟರ್ ಕೊಟ್ರ ಹಿಂಗ ಆಗೂದ ಅಂತನೂ ಅಂದೀನಿ. ನನ್ನ ಬಾಯಿಂದ ಬಂತು ಅದು. ಈಗ ಏನ್ ಮಾಡ್ಲಿ ನಾನು?"

ಆಪಟೆಯವರು ಚೀಟಿಯನ್ನು ಅವಳ ಕಡೆ ಸರಿಸಿದರು. ಶೇವಂತಿ ಚೀಟಿ ತೆಗೆದುಕೊಂಡು ಹೋದಳು. ಹಿಂದೆ ನಿಂತವರು ಎಲ್ಲ ಕೇಳಿಸಿಕೊಂಡಿದ್ದರು. ಮುಂದಿನವರಿಗೆ ಅವರು ಮತ್ತೆ ಅದೇ ಮಾತು ಮೊದಲಿನಿಂದ ಹೇಳಿದರು.

ಮಂಗಳವಾರದ ಹೊತ್ತಿಗೆ ಆಸ್ಪತ್ರೆ ನಡೆಯತೊಡಗಿತು. ಭಾಗವ್ವನ ಕಣ್ಣಿನ ಪೊರೆ ಬುಧವಾರ ತೆಗೆದರು. ಆಪಟೆಯವರು ರಾಜೀನಾಮೆ ಬರೆದುಕೊಟ್ಟರು. ಧೀರೇಂದ್ರ ಡಾಕ್ಟರು ಅದನ್ನು ಓದಿ ಮೇಜಿನ ಮೇಲಿಟ್ಟು, "ಈಗ ಹೋದ್ರ ನಿಮಗ ಹಗುರ ಆಗ್ತದ" ಎಂದರು, ಒಪ್ಪಲಿಲ್ಲ. ವಿಭಾಗವನ್ನು ರೇಷ್ಮಾಗೆ ವಹಿಸಿದರು. ಆಪಟೆಯವರು ನಿವೃತ್ತಿಗೆ ಉಳಿದ ಮೂರು ವರ್ಷ ಅವಳ ಕೈಕೆಳಗೆ ಇರಬೇಕೆಂದಾಯಿತು. ಸುಹಾಸಿನಿ ಎಲ್ಲ ಕೇಳಿದರು. ಎರಡು ವಾರ ಕಳೆದು, ಗಂಡನಿಗೆ ಹೇಳದೆಯೇ, ಚಿಮ್ಮಡಕ್ಕೆ ರೇಷ್ಮಾಳ ಮನೆಗೆ ಒಬ್ಬರೇ ಹೋಗಿ ಬಂದರು.

ರೇಷ್ಮಾ ನಾಲ್ಕು ಪುಟದ ಒಂದು ಯೋಜನೆ ಬರೆದಳು. ಪ್ರತಿಯೊಬ್ಬರಿಗೂ ಬೇರೆ ಹೆಸರು. ಮೂರು ಕಡೆ ಮೂರು ಪ್ರತಿ, ಅದರಲ್ಲಿ ಒಂದು ಜಾಲಕ್ಕೆ ಅಂಟದೆ ಬೇರೆಯೇ ಇರಬೇಕು. ಎಚ್ಚರಿಕೆಯ ಮೇಲ್ ಇಬ್ಬರಿಗೆ ಹೋಗಬೇಕು. ಮೂರು ತಿಂಗಳಿಗೊಮ್ಮೆ ಬನಹಟ್ಟಿಯ ಹಳೆಯ ಯಂತ್ರದ ಮೇಲೆ ಸರ್ವರನ್ನು ಸೊನ್ನೆಯಿಂದ ಎಬ್ಬಿಸಿ ತೋರಿಸಬೇಕು. ಮೊದಲ ಸಲ ಅದು ಏಳಲಿಲ್ಲ. ಎರಡನೆಯ ಸಲ ಐದು ತಾಸು ಹಿಡಿಯಿತು. ಈಗ ಎರಡು ತಾಸಿಗೆ ಬಂದಿದೆ.

ಅವಳು ಇಂದಿಗೂ ಅವರನ್ನು ಸರ್ ಎಂದೇ ಕರೆಯುತ್ತಾಳೆ. ಮೊದಲು ತನ್ನ ಮಗಳ ಶಾಲೆಯ ಸುದ್ದಿ, ಮನೆಯ ಸುದ್ದಿ ಹೇಳುತ್ತಿದ್ದಳು. ಈಗ ಹೇಳುವುದಿಲ್ಲ. ಆಪಟೆಯವರೂ ಕೇಳುವುದಿಲ್ಲ, ಕೇಳುವ ಹಕ್ಕು ಹೋಯಿತೆಂದು ತಿಳಿದಿದ್ದಾರೆ.

ಹೋದ ತಿಂಗಳು ಮುಧೋಳ ಶಾಖೆಗೆ ಹರ್ಷದಾ ಎಂಬ ಹೊಸಬಳು ಸೇರಿದಳು. ಹೊಸಬರು ಯಾರೇ ಬಂದರೂ ಆ ವಾರ ನಡೆದದ್ದನ್ನು ಆಪಟೆ ಸರ್ ಬಾಯಿಂದಲೇ ಕೇಳಬೇಕೆಂಬುದು ರೇಷ್ಮಾ ಮಾಡಿದ ನಿಯಮ. ಅವರು ಫೋಲ್ಡರಿನಿಂದ ಹಿಡಿದು ಕಂಬಳಿಯವರೆಗೆ ಹೇಳಿದರು. ನಾಲ್ಕನೆಯ ಸಲ ಹೇಳುತ್ತಿದ್ದರೂ ಕಿವಿ ಬಿಸಿಯಾಗುವುದು ನಿಂತಿರಲಿಲ್ಲ.

"ಎರಡು ದಿನ ಯಾಕ ಸುಮ್ಮನಿದ್ರಿ ಸರ್?" ಹರ್ಷದಾ ಕೇಳಿದಳು. ಹಿಂದಿನ ಮೂವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಆಪಟೆಯವರು ಯೋಚಿಸಿದರು. ಅಂಜಿಕೆ ಎನ್ನಬಹುದಿತ್ತು. ವಯಸ್ಸು, ಹೆಸರು, ಮರ್ಯಾದೆ ಎನ್ನಬಹುದಿತ್ತು.

"ಆಕಿ ಹೆಸರು ಹೇಳಿದ್ರ ಮಂದಿ ಲಗೂನ ನಂಬತಾರ ಅಂತ ನನಗ ಗೊತ್ತಿತ್ತು" ಎಂದರು. "ನನ್ನ ಹೆಸರು ಹೇಳಿದ್ರ ಅಷ್ಟು ಲಗೂನ ನಂಬತಿದ್ದಿಲ್ಲ."

ರೇಷ್ಮಾ ಪಕ್ಕದ ಮೇಜಿನಲ್ಲಿ ಏನೋ ಟೈಪು ಮಾಡುತ್ತಿದ್ದಳು. ಆ ಮಾತು ಕೇಳಿ ಬೆರಳು ನಿಂತವು. ಆಮೇಲೆ ಕುರ್ಚಿ ಹಿಂದೆ ಸರಿಸಿ ಎದ್ದು, "ಹರ್ಷದಾ, ಬಾ, ಪ್ರತಿ ಎಲ್ಲಿ ಇಡ್ತೇವಿ ತೋರಸ್ತೀನಿ" ಎಂದಳು. ಬಾಗಿಲವರೆಗೆ ಹೋದವಳು ತಿರುಗಿ, "ಸರ್, ನೀವೂ ಬರ್ರಿ" ಎಂದಳು.